ನೀಲಿ ಎಂದು ಕರೆದ ಕಲ್ಲು

ಜಹೀರಾಬಾದಿನ ಒಂದು ಕಲರ್ ಲ್ಯಾಬಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನಾನು ಫೋಟೋಗಳ ಬಣ್ಣ ತಿದ್ದಿದೆ. ಫೋಟೋ ತೆಗೆದವನು ನಾನಲ್ಲ. ತೆಗೆದವರ ಹೆಸರು ಆಲ್ಬಮ್ಮಿನ ಮೇಲೆ ಹೊಳೆಯುವ ಅಕ್ಷರದಲ್ಲಿ ಇರುತ್ತದೆ. ಸೀರೆಗೆ ಸೀರೆಯ ಬಣ್ಣ, ಮುಖಕ್ಕೆ ಮುಖದ ಬಣ್ಣ ಬರುವಂತೆ ಮಾಡಿದವನ ಹೆಸರು ಎಲ್ಲೂ ಇರುವುದಿಲ್ಲ. ಬಣ್ಣ ಸರಿ ಬಂದರೆ ಯಾರೂ ಏನೂ ಕೇಳುವುದಿಲ್ಲ, ಕೆಟ್ಟಾಗ ಮಾತ್ರ ‘ಯಾರು ಮಾಡಿದ್ದು’ ಎಂದು ಹುಡುಕಿಕೊಂಡು ಬರುತ್ತಾರೆ. ನಮ್ಮ ಕಸುಬು ಅಂಥದ್ದು.

ಈಗ ನಾರಾಯಣಖೇಡದಿಂದ ತಾಂಡೂರಿನ ತನಕ ಪ್ರತಿ ಸ್ಟುಡಿಯೋದಲ್ಲೂ ಹೊಸಬರು ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನದ ಮಾತು ಇದರಲ್ಲಿ ಇಲ್ಲ. ನಮ್ಮಲ್ಲಿ ಮುರಿದ ಕುರ್ಚಿ ಹೋಗಿ ಗಾಲಿಯ ಕುರ್ಚಿ ಬಂದರೆ ಅದೇ ಬಡ್ತಿ. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಮಹಾನಂದಾ ಎಂಬಾಕೆಯ ಕೆಲಸ ನನ್ನ ಬಾಯಿಂದ ಹೋಯಿತು. ‘ಬಣ್ಣ ಕೆಡಿಸಿದಾಕಿ’ ಎಂಬ ಹೆಸರು ಅವಳಿಗೆ ಅಂಟಿತು. ಕೆಡಿಸಿದವನು ನಾನು. ಇದನ್ನು ಬಿಟ್ಟು ಉಳಿದದ್ದೆಲ್ಲ ಬರೆದರೆ ಈ ಕಾಗದ ಬರೆದೂ ಉಪಯೋಗವಿಲ್ಲ.

ನನಗೆ ಕೆಲಸ ಕಲಿಸಿದವರು ಖಾದರ್ ಸಾಹೇಬರು. ರೀಲಿನ ಕಾಲದ ಪ್ರಿಂಟರ್. ಆಗ ಮಷಿನ್ನಿನ ಸಣ್ಣ ಪರದೆಯಲ್ಲಿ ನೆಗೆಟಿವ್ ನೋಡಿ, ಹಳದಿ, ಗುಲಾಬಿ, ಆಕಾಶನೀಲಿ ಎಂದು ಮೂರು ಗುಂಡಿ ಒತ್ತಿ ಬಣ್ಣ ಸರಿ ಮಾಡಬೇಕಿತ್ತು. ಒಂದು ಒತ್ತು ಹೆಚ್ಚಾದರೆ ಮದುಮಗಳು ಕಾಮಾಲೆ ರೋಗಿ. ಮೊದಲ ತಿಂಗಳು ನಾನು ಬರೀ ಮುಖ ನೋಡುತ್ತಾ ಕೂರುತ್ತಿದ್ದೆ. ಸಾಹೇಬರು ತಲೆಗೆ ಒಂದು ಮೊಟಕಿ, “ಪಹಲೇ ಸಫೇದ್ ಢೂಂಡೋ ಮಿಯಾಂ” ಎಂದರು. ಮೊದಲು ಬಿಳಿ ಹುಡುಕು ಎಂದರ್ಥ. ಮುಖಕ್ಕೆ ನೂರು ಬಣ್ಣ, ಯಾವುದು ಖರೆ ಎಂದು ನಿನಗೆ ಹೇಗೆ ಗೊತ್ತು, ಬಿಳಿ ಒಂದೇ ಸುಳ್ಳು ಹೇಳೋದಿಲ್ಲ ಎಂಬುದು ಅವರ ವಾದ. ನಮ್ಮ ಕಡೆಯ ಲಿಂಗಾಯತರ ಮದುವೆ ಎಂದರೆ ನನಗೆ ಸಲೀಸು. ಯಾರಾದರೊಬ್ಬ ಹಿರಿಯರ ಹಣೆಯ ಮೇಲೆ ವಿಭೂತಿ ಇದ್ದೇ ಇರುತ್ತಿತ್ತು. ಅದನ್ನು ಬೆಳ್ಳಗೆ ಮಾಡಿದರೆ ಉಳಿದ ಬಣ್ಣ ತಾನಾಗಿ ತನ್ನ ಜಾಗಕ್ಕೆ ಬರುತ್ತಿತ್ತು. ಬೌದ್ಧರ ಮದುವೆಯಲ್ಲಿ ಗಂಡು ಹೆಣ್ಣು ಇಬ್ಬರೂ ಬಿಳಿಯಲ್ಲೇ ನಿಂತಿರುತ್ತಾರೆ, ಅದಂತೂ ಇನ್ನೂ ಸುಲಭ ಎಂದುಕೊಂಡಿದ್ದೆ. ಆದರೆ ಮೇಲೆ ನೀಲಿ ಬಟ್ಟೆಯ ಪೆಂಡಾಲು ಹಾಕಿದ್ದರೆ ಆ ಬಿಳಿಯೆಲ್ಲ ನೀಲಿ ಕುಡಿದು ಕೂತಿರುತ್ತಿತ್ತು. ಬಿಳಿಯೂ ಸುಳ್ಳು ಹೇಳುತ್ತದೆ ಎಂದು ಸಾಹೇಬರಿಗೆ ಹೇಳಿದೆ. ಅವರು ಚಹಾ ಹೀರುತ್ತಾ, “ಬಿಳಿ ಏನೂ ಸುಳ್ಳು ಹೇಳಿಲ್ಲ, ಪೆಂಡಾಲಿನವನು ಹೇಳ್ಯಾನ” ಎಂದರು.

ಗಿರಾಕಿಗಳ ಮಾತು ಕೇಳಿ ಕೆಟ್ಟದ್ದೂ ಉಂಟು. ನಮ್ಮ ಕಡೆ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಲ್ಯಾಬಿನಲ್ಲಿ ಉರ್ದು. ಬಾಯಿಗೆ ಯಾವುದು ಬಂತೋ ಅದೇ ಭಾಷೆ. ಡಿಜಿಟಲ್ ಬಂದ ಹೊಸದರಲ್ಲಿ ತಾಂಡೂರಿನಿಂದ ಒಂದು ಮದುವೆಯ ಫೋಟೋಗಳು ಬಂದವು. ಎಲ್ಲವೂ ಟ್ಯೂಬ್‌ಲೈಟಿನ ಕೆಳಗೆ ತೆಗೆದವು. ಮದುಮಗಳ ಸೀರೆ ಹಳದಿಯೋ ಹಸಿರೋ ಹೇಳಲಾಗದ ಒಂದು ನಿಂಬೆಕಾಯಿ ಬಣ್ಣದಲ್ಲಿತ್ತು. ಲಕೋಟೆಯ ಮೇಲೆ ತೆಲುಗಿನಲ್ಲಿ ‘ಚೀರ ಪಚ್ಚ’, ಅಂದರೆ ಸೀರೆ ಪಚ್ಚ, ಎಂದು ಬರೆದಿತ್ತು. ನಮ್ಮ ಮನೆಯಲ್ಲಿ ಪಚ್ಚೆ ಎಂದರೆ ಹಸಿರು. ನಾನು ಇಡೀ ಆಲ್ಬಮ್ಮಿನ ಸೀರೆಯನ್ನು ಗಿಳಿ ಹಸಿರು ಮಾಡಿ, ಕೈ ಒರೆಸಿಕೊಂಡು, ಭೇಷ್ ಎಂದು ನನಗೆ ನಾನೇ ಹೇಳಿಕೊಂಡೆ.

ನಾಲ್ಕು ದಿನಕ್ಕೆ ಮದುಮಗಳ ತಾಯಿ ಸೀರೆಯನ್ನೇ ಚೀಲದಲ್ಲಿ ಹಾಕಿಕೊಂಡು ಬಂದರು. ಕೌಂಟರಿನ ಮೇಲೆ ಹರಡಿದರು. ಅಪ್ಪಟ ಅರಿಶಿನದ ಬಣ್ಣ. ಆ ಕಡೆಯ ತೆಲುಗಿನಲ್ಲಿ ಅರಿಶಿನಕ್ಕೂ ಪಚ್ಚ, ಎಲೆಗೂ ಪಚ್ಚ. ಎಲೆಯದ್ದು ಎಂದು ಬಿಡಿಸಿ ಹೇಳಬೇಕಾದರೆ ಮಾತ್ರ ಆಕುಪಚ್ಚ ಎನ್ನುತ್ತಾರೆ. ಆ ತಾಯಿ ನನಗಾಗಿ ಕನ್ನಡಕ್ಕೆ ಇಳಿದು, “ಏನ್ರಿ ಮಾಸ್ಟರ್, ನನ್ನ ಮಗಳು ಹಸಿರು ಉಟ್ಟು ತಾಳಿ ಕಟ್ಟಿಸ್ಕೊಂಡಾಳೇನು? ಬೀಗರು ನೋಡಿ ನಗಾಕ ಹತ್ಯಾರ” ಎಂದರು. ನನಗೆ ಎಲ್ಲಿ ಮುಖ ಇಡಬೇಕೋ ತಿಳಿಯಲಿಲ್ಲ. ಇಡೀ ಆಲ್ಬಮ್ಮು ಮತ್ತೆ ಮಾಡಿದೆ. ಅವತ್ತಿನಿಂದ ಬಣ್ಣದ ಹೆಸರು ಬರೆದ ಚೀಟಿಯನ್ನು ನಂಬಬಾರದು, ಬಟ್ಟೆಯ ಒಂದು ತುಂಡೋ ಕುಪ್ಪಸದ ಒಂದು ಎಳೆಯೋ ತರಿಸಿಕೊಳ್ಳಬೇಕು ಎಂದು ನಿಯಮ ಮಾಡಿದೆ. ಹೊಸಬರು ಇದನ್ನು ಗಂಟು ಹಾಕಿಕೊಳ್ಳಿ. ನಾನೇ ಮಾಡಿದ ಈ ನಿಯಮವನ್ನು ನಾನೇ ಮುರಿದ ಕಥೆ ಮುಂದೆ ಬರುತ್ತದೆ.

ಇನ್ನೊಂದು ಮಾತು ‘ಸಾಫ್’. ‘ಫೋಟೋ ಜರಾ ಸಾಫ್ ಮಾಡ್ರಿ’ ಎಂದರೆ ಕಲೆ ತೆಗೆಯಿರಿ ಎಂದು ನಾನು ತಿಳಿಯುತ್ತಿದ್ದೆ. ಅವರ ಅರ್ಥ, ಮುಖ ಬೆಳ್ಳಗೆ ಮಾಡಿ. ಹುಡುಗಿ ನೋಡುವವರಿಗೆ ಕೊಡುವ ಫೋಟೋ ಎಂದರೆ ಈ ಮಾತು ಬಂದೇ ಬರುತ್ತಿತ್ತು. ಮೊದಮೊದಲು ಮಾಡಿಕೊಟ್ಟೆ. ಆಮೇಲೆ, “ಹುಡುಗಿ ಎದುರಿಗೆ ಬಂದು ಕುಂತಾಗ ಏನ್ ಮಾಡ್ತೀರಿ, ಅಲ್ಲೀನೂ ನನ್ನ ಕರೀತೀರೇನು?” ಎಂದು ಜಗಳಕ್ಕೆ ನಿಲ್ಲುತ್ತಿದ್ದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಲ್ಯಾಬಿನ ಮಾಲೀಕ ವೀರಣ್ಣ ಸೇಠ್ ಗಿರಾಕಿಗಳ ಮುಂದೆ ಕೈಮುಗಿದು, ಹಿಂದೆ ಬಂದು ನನಗೂ ಕೈಮುಗಿದು ಹೋಗುತ್ತಿದ್ದ. ನನ್ನ ಕಣ್ಣಿನ ಮೇಲೆ ಅವನಿಗೆ ಅಷ್ಟು ನಂಬಿಕೆ. ‘ಮಾಸ್ಟರ್ ನೋಡ್ಯಾರ’ ಎಂದರೆ ಅದು ಮುಗಿದ ಮಾತು. ಆ ನಂಬಿಕೆಯೇ ನನ್ನ ತಲೆಗೆ ಏರಿತು ಎಂದು ಈಗ ಅನ್ನಿಸುತ್ತದೆ.

ಮಹಾನಂದಾ ಬಂದದ್ದು ಖಾದರ್ ಸಾಹೇಬರು ತೀರಿಕೊಂಡ ಮೇಲೆ. ನಾರಾಯಣಖೇಡದ ಬೌದ್ಧ ಮನೆತನದಾಕೆ, ಮೂವತ್ತರ ಆಸುಪಾಸು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎರಡು ವರ್ಷದ ಮಗಳನ್ನು ಅತ್ತೆಯ ಕೈಗೆ ಕೊಟ್ಟು, ಬೆಳಗಿನ ಸರ್ಕಾರಿ ಬಸ್ಸು ಹಿಡಿದು ಜಹೀರಾಬಾದಿಗೆ ಬರುತ್ತಿದ್ದಳು, ಸಂಜೆಯ ಬಸ್ಸಿಗೆ ತಿರುಗಿ ಹೋಗುತ್ತಿದ್ದಳು. ಹೈದರಾಬಾದಿನಲ್ಲಿ ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವ ಕೆಲಸ ಕಲಿತು ಬಂದಿದ್ದಳು. ನನಗೆ ‘ಕಾಕಾ’ ಎನ್ನುತ್ತಿದ್ದಳು.

ಬಂದ ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕಾಕಾ, ನಿಮ್ಮ ಅಂಗಿ ಹಳದಿ ಅದ. ಅದರ ಬೆಳಕು ಸ್ಕ್ರೀನಿಗೆ ಬೀಳ್ತದ” ಎಂದಳು.

“ಹಂಗಾದ್ರ ಅಂಗಿ ಬಿಚ್ಚಿ ಕುಂಡ್ರಲೇನು?” ಎಂದೆ.

“ಬ್ಯಾಡ್ರಿ. ಬೂದಿ ಬಣ್ಣದ್ದು ಹಾಕ್ಕೊಂಡು ಬರ್ರಿ” ಎಂದು ತಣ್ಣಗೆ ಹೇಳಿ ತನ್ನ ಕೆಲಸಕ್ಕೆ ಕೂತಳು. ವಾರದೊಳಗೆ ಕೋಣೆಯ ಕೆಂಪು ಪರದೆ ಹೋಯಿತು, ಗುಲಾಬಿ ಗೋಡೆಗೆ ಬೂದಿ ಬಣ್ಣ ಬಂತು. ಸ್ಕ್ರೀನಿನ ಮೇಲೆ ಇಲಿಯಷ್ಟು ದೊಡ್ಡ ಒಂದು ಉಪಕರಣ ತೂಗುಹಾಕಿ, ಸ್ಕ್ರೀನು ತೋರಿಸುವ ಬಣ್ಣ ಸರಿಯಿದೆಯೇ ಎಂದು ತಿಂಗಳಿಗೊಮ್ಮೆ ಅಳೆಯುತ್ತಿದ್ದಳು. ನಾನು ಅದಕ್ಕೆ ‘ಮಹಾನಂದಾನ ಥರ್ಮಾಮೀಟರ್’ ಎಂದು ಹೆಸರಿಟ್ಟೆ. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಅವಳ ಪದ್ಧತಿ ಅಂಕಿಯದ್ದು. ಫೋಟೋದಲ್ಲಿ ಬಿಳಿಯೋ ಬೂದಿಯೋ ಇರುವ ಜಾಗದ ಮೇಲೆ ಬಾಣ ಇಟ್ಟರೆ ಕಂಪ್ಯೂಟರ್ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ ತೋರಿಸುತ್ತದೆ. ಮೂರೂ ಸಮ ಇದ್ದರೆ ಅಲ್ಲಿ ಯಾವ ಬಣ್ಣವೂ ಸೇರಿಲ್ಲ ಎಂದರ್ಥ. ನೀಲಿಯ ಅಂಕಿ ಮೇಲಿದ್ದರೆ ಫೋಟೋ ನೀಲಿಗೆ ವಾಲಿದೆ. ಅವಳು ಅಂಕಿ ನೋಡಿ ತಿದ್ದುತ್ತಿದ್ದಳು, ನಾನು ಕಣ್ಣಿನಿಂದ. ಇಬ್ಬರ ಕೆಲಸವೂ ಹತ್ತಿರ ಹತ್ತಿರವೇ ಬರುತ್ತಿತ್ತು. ಒಮ್ಮೆ ಅವಳು ಅರಿಶಿನ ಶಾಸ್ತ್ರದ ಫೋಟೋದಲ್ಲಿ ಮದುಮಗಳ ಕೆನ್ನೆಯ ಹಳದಿಯನ್ನು ದೋಷ ಎಂದು ತೆಗೆದುಹಾಕಿದಳು. “ಅರಿಶಿಣ ಹಚ್ಚಿದವ್ರ ಕೈ ನೋವು ನಿನಗೇನ್ ಗೊತ್ತವ್ವ” ಎಂದು ನಾನು ಕಾಲೆಳೆದೆ. ಅವಳು ನಾಲಿಗೆ ಕಚ್ಚಿಕೊಂಡು ಮತ್ತೆ ಮಾಡಿದಳು. ಅಂಕಿಗೆ ಅರಿಶಿನ ಗೊತ್ತಿಲ್ಲ, ಅದು ಮನುಷ್ಯನಿಗೆ ಗೊತ್ತಿರಬೇಕು. ಹಾಗೆಂದು ಅಂಕಿಯನ್ನೇ ಬಿಡಬೇಡಿ. ನಾನು ಬಿಟ್ಟು ಕೆಟ್ಟವನು.

ಆರು ವರ್ಷ ಹೀಗೆ ಜೊತೆಯಲ್ಲಿ ಮಾಡಿದೆವು. ಐದನೆಯ ವರ್ಷದ ಹೊತ್ತಿಗೆ ಒಂದೊಂದೇ ದೂರು ಬರತೊಡಗಿತ್ತು. ‘ಮಾಸ್ಟರ್, ಪ್ರಿಂಟ್ ಜರಾ ಥಂಡಿ ಕಾಣ್ತದ’ ಎಂದು ನಾರಾಯಣಖೇಡದ ಸ್ಟುಡಿಯೋದವರು ಹೇಳುತ್ತಿದ್ದರು. ನೀಲಿ ಹೆಚ್ಚಾಗಿದೆ ಎಂದು ಅದರರ್ಥ. ನಾನು ಕಾಗದ ಬೈದೆ, ಇಂಕು ಬೈದೆ, ಕರೆಂಟು ಬೈದೆ. ಮಹಾನಂದಾ ಒಮ್ಮೆ, “ಕಾಕಾ, ಒಮ್ಮೆ ಕಣ್ಣು ತೋರಿಸ್ಕೊಂಡು ಬರ್ರಿ” ಎಂದಳು. “ನನ್ನ ಕಣ್ಣಿಗೆ ಏನಾಗ್ಯದ? ನೀ ಸಾಲಿಗೆ ಹೋಗೋಕ ಮೊದ್ಲಿಂದ ನೋಡಾಕ ಹತ್ತೀನಿ” ಎಂದು ಬಾಯಿ ಮುಚ್ಚಿಸಿದೆ.

ಆಗ ತಾಂಡೂರಿನ ಕಲ್ಲಿನ ಗಣಿಯ ಸಾಹುಕಾರರೊಬ್ಬರು ಒಂದು ದೊಡ್ಡ ಕೆಲಸ ಕೊಟ್ಟರು. ನೆಲಕ್ಕೆ ಹಾಸುವ ಅವರ ಪರಸಿ ಕಲ್ಲಿನ ಪುಸ್ತಕ ಮಾಡಬೇಕು, ದೂರದ ಊರುಗಳ ಕಟ್ಟಡದವರು ಆ ಪುಸ್ತಕ ನೋಡಿಯೇ ಕಲ್ಲು ತರಿಸಿಕೊಳ್ಳುತ್ತಾರೆ, ಬಣ್ಣ ಇದ್ದದ್ದು ಇದ್ದಹಾಗೆ ಬರಬೇಕು. ಅಲ್ಲಿ ಎರಡು ಜಾತಿಯ ಕಲ್ಲು. ಒಂದಕ್ಕೆ ಹಳದಿ ಕಲ್ಲು, ಇನ್ನೊಂದಕ್ಕೆ ನೀಲಿ ಕಲ್ಲು ಎನ್ನುತ್ತಾರೆ. ಮಹಾನಂದಾ ಫೋಟೋಗ್ರಾಫರನ ಜೊತೆ ಗಣಿಗೆ ಹೋದಳು. ಕೂಲಿಯವರು ಕಲ್ಲು ಚೆಂದ ಕಾಣಲಿ ಎಂದು ನೀರು ಹೊಡೆಯುತ್ತಿದ್ದರಂತೆ. ಒಣಗಲಿ ಎಂದು ಬಿಸಿಲಿನಲ್ಲಿ ಕಾದು ಕೂತು, ನೆರಳಿಗೆ ತಂದು, ಪ್ರತಿ ಕಲ್ಲಿನ ಪಕ್ಕ ಬೂದಿ ಬಣ್ಣದ ರಟ್ಟಿನ ಚೂರು ಇಟ್ಟು ಫೋಟೋ ತೆಗೆಸಿದಳು. ಆ ರಟ್ಟಿನ ಮೇಲೆ ಮೂರೂ ಅಂಕಿ ಸಮ ಮಾಡಿದರೆ ಕಲ್ಲಿನ ಬಣ್ಣ ತಾನೇ ಸರಿಯಾಗುತ್ತದೆ ಎಂಬುದು ಲೆಕ್ಕ. ನಾಲ್ಕು ದಿನ ಕೂತು ತಿದ್ದಿ ಮುಗಿಸಿದಳು.

ಸಂಜೆ ಅವಳು ಬಸ್ಸಿಗೆ ಹೋದ ಮೇಲೆ, ಕಡೆಯ ಬಾರಿ ನೋಡೋಣವೆಂದು ನಾನು ಕೂತೆ. ನೀಲಿ ಕಲ್ಲಿನ ಪುಟ ತೆಗೆದೆ. ನನಗೆ ಅದು ನೀಲಿ ಕಾಣಲೇ ಇಲ್ಲ. ಒಲೆಯ ಬೂದಿಯಂತೆ, ಅದರಲ್ಲೂ ಜರಾ ಹಳದಿ ಬೆರೆತಂತೆ ಕಂಡಿತು. ಹೆಸರೇ ನೀಲಿ ಕಲ್ಲು, ಇವಳು ಬೂದಿ ಮಾಡಿ ಇಟ್ಟಿದ್ದಾಳಲ್ಲ ಎಂದುಕೊಂಡೆ. ಸೀರೆಯ ಪ್ರಕರಣದಲ್ಲಿ ಹೆಸರನ್ನು ನಂಬಬಾರದು ಎಂದು ಕಲಿತವನೇ, ಕಲ್ಲಿನ ಒಂದು ಚೂರೂ ತರಿಸಿಕೊಳ್ಳದೆ ಹೆಸರನ್ನು ನಂಬಿದೆ. ಅಂಕಿಯ ಕಡೆ ನೋಡಲೇ ಇಲ್ಲ. ಎಲ್ಲ ಪುಟಕ್ಕೂ ನೀಲಿ ಏರಿಸಿ ಅಚ್ಚಿಗೆ ಕಳಿಸಿದೆ. ಅವಳಿಗೆ ಹೇಳಲಿಲ್ಲ. ಹೇಳುವ ಅಗತ್ಯ ಇದೆ ಎಂದೂ ಅನ್ನಿಸಲಿಲ್ಲ.

ಎರಡು ತಿಂಗಳಿಗೆ ಸಾಹುಕಾರರು ಜೀಪಿನಲ್ಲಿ ಬಂದಿಳಿದರು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಅಂಗೈ ಅಗಲದ ಕಲ್ಲು. ಎರಡನ್ನೂ ಟೇಬಲ್ಲಿನ ಮೇಲೆ ಇಟ್ಟರು. “ಪುಸ್ತಕದಾಗ ಆಕಾಶ ತೋರ್ಸೀರಿ, ಲಾರ್ಯಾಗ ಬೂದಿ ಹೋಗ್ಯದ. ಮೂರು ಕಡಿಂದ ಮಾಲು ತಿರುಗಿಸಿ ಕಳಸ್ಯಾರ. ಯಾರ್ರಿ ಇದನ್ನ ಮಾಡಿದವ್ರು?” ಎಂದರು. ವೀರಣ್ಣ, ನಾನು, ಮಹಾನಂದಾ, ಇನ್ನೂ ಐದು ಜನ ಕೆಲಸದವರು, ಎಲ್ಲರೂ ಅಲ್ಲೇ ಇದ್ದೆವು. ನಾನು ಬಗ್ಗಿ ಪುಸ್ತಕ, ಕಲ್ಲು ಎರಡನ್ನೂ ನೋಡಿದೆ. ನನ್ನ ಕಣ್ಣಿಗೆ ಸ್ವಲ್ಪವೇ ಫರಕು ಕಂಡಿತು. ಇಷ್ಟಕ್ಕೆ ಇಷ್ಟು ಗದ್ದಲವೇ ಎನ್ನಿಸಿತು.

“ಮಾಸ್ಟರ್, ಯಾರು ಮಾಡಿದ್ದು?” ವೀರಣ್ಣ ಕೇಳಿದ.

“ಮಹಾನಂದಾ ಮಾಡ್ಯಾಳ” ಎಂದೆ.

ಅವಳು ನನ್ನ ಕಡೆ ತಿರುಗಿ, “ಕಾಕಾ, ನಾ ಕೊಟ್ಟಾಗ ಮೂರೂ ಅಂಕಿ ಸಮ ಇದ್ವು. ಆಮ್ಯಾಲ ಯಾರರ ಮುಟ್ಟ್ಯಾರೇನು?” ಎಂದು ಕೇಳಿದಳು. ನೇರ ಪ್ರಶ್ನೆ. ಹೌದು, ನಾನು ಮುಟ್ಟಿದೆ ಎಂದರೆ ಮುಗಿದಿತ್ತು. ನಾನು, “ಕಣ್ಣು ಮುಚ್ಕೊಂಡು ಅಂಕಿ ಅಂಕಿ ಅಂತ ಕುಂತ್ರ ಹಿಂಗೇ ಆಗ್ತದ. ನಿನ್ನ ಥರ್ಮಾಮೀಟರ್ ಕೆಟ್ಟದ” ಎಂದೆ.

ಆಗ ನಾನು ಸುಳ್ಳು ಹೇಳಿದೆನೇ? ಬಹಳ ಸಲ ಕೇಳಿಕೊಂಡಿದ್ದೇನೆ. ನೀಲಿ ಏರಿಸಿ ಅವಳ ತಪ್ಪನ್ನು ನಾನು ಕಡಿಮೆ ಮಾಡಿದ್ದೇನೆ, ಹೆಚ್ಚು ಮಾಡಿಲ್ಲ ಎಂದೇ ನಂಬಿದ್ದೆ. ಆದರೆ ಮುಟ್ಟಿದ್ದು ಮುಟ್ಟಿದ್ದೇ. ಅದನ್ನು ನುಂಗಿಕೊಂಡದ್ದು ಹೆದರಿಕೆಯಿಂದ. ವೀರಣ್ಣ ಅವಳಿಗೆ, “ನಾಳಿಂದ ಬರಬ್ಯಾಡವ್ವ” ಎಂದ. ಅವಳು ಕಂಪ್ಯೂಟರ್ ಆರಿಸಿದಳು. ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು, ಮಧ್ಯಾಹ್ನದ ಬಸ್ಸಿಗೆ ಹೋದಳು. ತಾಂಡೂರಿನ ಒಂದು ಲ್ಯಾಬಿಗೆ ಕೆಲಸ ಕೇಳಿಕೊಂಡು ಹೋದಾಗ, ‘ಕಲ್ಲಿನ ಪುಸ್ತಕ ಕೆಡಿಸಿದಾಕಿ ನೀನೇ ಏನು’ ಎಂದು ಕೇಳಿ ಕಳಿಸಿದರಂತೆ. ಅದು ನನ್ನ ಕಿವಿಗೂ ಬಿತ್ತು. ಕೇಳಿದೆ, ಸುಮ್ಮನಾದೆ.

ಅವಳು ಹೋದ ಮೇಲೆ ಕಣ್ಣಿನ ಕಥೆ ಮನೆಗೂ ಬಂತು. ನನ್ನ ಬಿಳಿ ಧೋತರ ಹಳದಿಯಾಗುತ್ತಿದೆ ಎಂದು ಹೆಂಡತಿ ಶರಣಮ್ಮನ ಮೇಲೆ ಹರಿಹಾಯುತ್ತಿದ್ದೆ. ಅವಳು ಪಾಪ, ತೊಳೆಯುವ ನೀರಿಗೆ ನೀಲಿ ಹಾಕಿದಳು. ಇನ್ನೂ ಹಳದಿ ಎಂದೆ. ಇನ್ನಷ್ಟು ಹಾಕಿದಳು. ಕಡೆಗೊಮ್ಮೆ, ಈಗ ಬೆಳ್ಳಗಾಯಿತು ನೋಡು ಎಂದು ಉಟ್ಟುಕೊಂಡು ಬಸವ ಜಯಂತಿಗೆ ಹೋದೆ. ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಗೆಳೆಯನೊಬ್ಬ, “ಏನೋ, ಯಾವ ಪಾರ್ಟಿ ಸೇರೀ?” ಎಂದು ಕೇಳಿದ. ಸುತ್ತ ಇದ್ದವರು ಹೊಟ್ಟೆ ಹಿಡಿದು ನಕ್ಕರು. ಧೋತರ ಗಟ್ಟಿ ಆಕಾಶದ ಬಣ್ಣದಲ್ಲಿತ್ತಂತೆ. ನನಗೆ ಮಾತ್ರ ಮಲ್ಲಿಗೆ ಹೂವಿನಂತೆ ಕಾಣುತ್ತಿತ್ತು. ಮನೆಗೆ ಬಂದು ಶರಣಮ್ಮನನ್ನು ಕೇಳಿದರೆ, “ನೀವೇ ಬಣ್ಣದ ಮಾಸ್ಟರು, ನಾ ಏನ್ ಹೇಳ್ಲಿ” ಎಂದಳು.

ಮರುದಿನವೇ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಎರಡೂ ಕಣ್ಣಿಗೆ ಪೊರೆ. ಬಹಳ ದಿನದಿಂದ ಬೆಳೆದಿದೆ, ಹಳದಿ ಗಾಜಿನ ಹಿಂದೆ ಕೂತು ನೋಡಿದ ಹಾಗೆ ಎಂದರು ಡಾಕ್ಟರು. ಹಳದಿ ಗಾಜಿನ ಹಿಂದೆ ಕೂತವನಿಗೆ ಎಲ್ಲವೂ ಹಳದಿಯೇ, ಅದನ್ನು ಹೊಡೆಯಲು ಅವನು ನೀಲಿ ಸುರಿಯುತ್ತಾನೆ. ನನಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆದರೂ ಬಾಯಿಬಿಟ್ಟು ಯಾರಿಗೂ ಏನೂ ಹೇಳಲಿಲ್ಲ.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಎದುರಿನ ಗೋಡೆ ಈಗಷ್ಟೇ ಸುಣ್ಣ ಬಳಿದಂತೆ ಇತ್ತು. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದರೆ ಅದೇ ಗೋಡೆ ಹಳೆಯ ಪಂಚಾಂಗದ ಹಾಳೆಯಂತೆ. ನಂಬಲಾಗದೆ ಒಂದಾದ ಮೇಲೊಂದು ಕಣ್ಣು ಮುಚ್ಚಿ ತೆರೆದು ಮಾಡುತ್ತಾ ಕೂತೆ. ಶರಣಮ್ಮ ಮೊಳಕೈಯಿಂದ ತಿವಿದು, “ಈ ವಯಸ್ಸಿನಾಗ ನರ್ಸಮ್ಮಗ ಕಣ್ಣು ಹೊಡೀತೀರೇನು?” ಎಂದಳು. ನನಗೆ ನಗು ಬರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಕಾಲ ಕೆಳಗೇ ಅದೇ ಕಲ್ಲು. ನಮ್ಮ ಪಡಸಾಲೆಗೆ ಹಾಸಿದ್ದು ತಾಂಡೂರಿನ ನೀಲಿ ಕಲ್ಲು. ಅಷ್ಟು ವರ್ಷ ಅದರ ಮೇಲೆ ಉಂಡು ಮಲಗಿದವನು ನಾನು. ಕೂತು, ಬಗ್ಗಿ, ಬಲಗಣ್ಣಿನಿಂದ ನೋಡಿದೆ. ಬೂದಿ ಬಣ್ಣ, ಒಳಗೆಲ್ಲೋ ನೀಲಿಯ ಒಂದು ಛಾಯೆ, ಅಷ್ಟೇ. ಅವಳು ಮಾಡಿದ ಪುಟ ಹೇಗಿತ್ತೋ ಹಾಗೆಯೇ.  

ಲ್ಯಾಬಿಗೆ ಹೋಗಿ ಎರಡೂ ಫೈಲು ತೆಗೆಸಿ ನೋಡಿದೆ. ಅವಳದ್ದರಲ್ಲಿ ರಟ್ಟಿನ ಮೇಲೆ ಮೂರು ಅಂಕಿಯೂ ಸಮ. ನನ್ನದರಲ್ಲಿ ನೀಲಿ ಅಂಕಿ ಎಲ್ಲೋ ಮೇಲೆ ಹೋಗಿ ಕೂತಿತ್ತು. ಓದು ಬಾರದವನಿಗೂ ಗೊತ್ತಾಗುವಷ್ಟು. ಆ ತಿಂಗಳೇ ಕೆಲಸ ಬಿಟ್ಟೆ. ಕಣ್ಣಿನ ನೆಪ ಹೇಳಿದೆ.

ಆಮೇಲೆ ಒಂದು ದಿನ ಬೆಳಿಗ್ಗೆ ಬಸ್ಸು ಹತ್ತಿ ನಾರಾಯಣಖೇಡಕ್ಕೆ ಹೋದೆ. ಮಹಾನಂದಾ ಮನೆಯ ಮುಂದಿನ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಜನರ ಅರ್ಜಿ ತುಂಬಿಕೊಡುತ್ತಿದ್ದಳು. ಬಣ್ಣದ ಕೆಲಸ ಯಾರೂ ಕೊಡುತ್ತಿರಲಿಲ್ಲ. ನನ್ನನ್ನು ನೋಡಿ ಎದ್ದು ನಿಂತು, “ಬರ್ರಿ ಮಾಸ್ಟರ್ರೆ” ಎಂದಳು. ಕಾಕಾ ಎನ್ನಲಿಲ್ಲ. ಅತ್ತೆ ನೀರು ತಂದು ಕೊಟ್ಟರು. ನಾನು ಯಾರೆಂದು ತಿಳಿದ ಮೇಲೆ ಹೋಗದೆ ಅಲ್ಲೇ ಬಾಗಿಲಿಗೆ ಒರಗಿ ನಿಂತರು.

“ಆರು ವರ್ಷ ಕೂಸಿಗೆ ನಾ ಉಣಿಸೀನ್ರಿ, ನಾ ಮಲಗಿಸೀನಿ” ಎಂದರು ಆ ಮುದುಕಿ. “ಇಕಿ ಕಲಿತಾಕಿ, ದುಡಿದು ಮುಂದ ಬರ್ಲಿ ಅಂತ. ಕೆಲಸ ಕೆಡಿಸಿದ್ಲು ಅಂತ ಕಳಿಸಿದ್ರಿ. ಓಣ್ಯಾಗ ಎಲ್ಲಾರೂ ಕೇಳ್ತಾರ. ನಾ ಏನ್ ಹೇಳ್ಲಿ?”

“ಅತ್ತಿ, ನೀವು ಒಳಗ ಹೋಗ್ರಿ” ಎಂದಳು ಮಹಾನಂದಾ. ಮುದುಕಿ ಗೊಣಗುತ್ತಾ ಒಳಗೆ ಹೋದರು.

ನಾನು ಎಲ್ಲ ಹೇಳಿದೆ. ಆ ಸಂಜೆ ಕೂತು ನೀಲಿ ಏರಿಸಿದ್ದು, ಅವಳು ಕೇಳಿದಾಗ ನುಂಗಿಕೊಂಡದ್ದು, ಕಣ್ಣಿನ ಪೊರೆ, ಎರಡು ಫೈಲು.  ಅವಳು ತಲೆ ತಗ್ಗಿಸಿ ಕೇಳಿದಳು. ಮುಗಿದ ಮೇಲೆ, “ನನಗ ಗೊತ್ತಿತ್ತು ಮಾಸ್ಟರ್ರೆ. ನನ್ನ ಫೈಲು ನನ್ನ ಹತ್ರ ಅದ. ನೀವು ಮುಟ್ಟೀರಿ ಅಂತ ಆ ಹೊತ್ತಿಗೇ ತಿಳೀತು” ಎಂದಳು.

“ಹಂಗಾದ್ರ ಅವತ್ತೇ ಯಾಕ ಹೇಳ್ಲಿಲ್ಲವ್ವ?”

“ಹೇಳಿದ್ರ ಯಾರು ನಂಬ್ತಿದ್ರು? ಮಾಸ್ಟರ್ ನೋಡ್ಯಾರ ಅಂದ್ರ ಅದು ಮುಗದ್ಹೋತು.” ಆಮೇಲೆ, “ಇದನ್ನ ನನ್ನ ಮುಂದ ಹೇಳಿ ಏನ್ ಉಪಯೋಗರಿ? ಅವತ್ತು ಯಾರ ಮುಂದ ಹೇಳಿದ್ರಿ, ಅವ್ರ ಮುಂದ ಹೇಳ್ರಿ” ಎಂದಳು. ಚಹಾ ಕುಡಿಸಿ ಕಳಿಸಿದಳು. ಫೋನ್ ನಂಬರ್ ಕೇಳಿದೆ, ಕೊಟ್ಟಳು.

ಹೇಳುವುದು ಸುಲಭ ಅನ್ನಿಸಿತ್ತು. ಆಗಲಿಲ್ಲ. ಎರಡು ಸಲ ಲ್ಯಾಬಿನ ಮೆಟ್ಟಿಲ ತನಕ ಹೋಗಿ, ಚಹಾದಂಗಡಿಗೆ ತಿರುಗಿದೆ. ಜೀವನದಲ್ಲಿ ನನಗಿದ್ದದ್ದು ಅದೊಂದೇ ಹೆಸರು, ಕಣ್ಣಿನ ಹೆಸರು. ಅದನ್ನು ನನ್ನ ಕೈಯಾರೆ ಒರೆಸುವುದು ಹೇಗೆ? ಹೀಗೇ ನಾಲ್ಕು ತಿಂಗಳು ಕಳೆದವು. ಆ ನಾಲ್ಕು ತಿಂಗಳಿಗೆ ನನ್ನ ಬಳಿ ಯಾವ ಸಮಜಾಯಿಷಿಯೂ ಇಲ್ಲ.

ಕಡೆಗೆ ತಾಂಡೂರಿನಲ್ಲಿ, ಜಹೀರಾಬಾದು, ನಾರಾಯಣಖೇಡ, ತಾಂಡೂರು ಮೂರೂ ಊರಿನ ಸ್ಟುಡಿಯೋದವರು ಸೇರಿ ಒಂದು ಸಭೆ ಮಾಡಿದರು. ನಿವೃತ್ತನಾದ ನನಗೆ ಶಾಲು ಹೊದಿಸುವುದು, ‘ಡಿಜಿಟಲ್ ಫೋಟೋದಲ್ಲಿ ನಿಜವಾದ ಬಣ್ಣ’ ಎಂಬ ವಿಷಯದ ಮೇಲೆ ನಾನು ಅರ್ಧ ತಾಸು ಮಾತಾಡುವುದು. ಹೋಗಿ ನೋಡಿದರೆ ಮುಖ್ಯ ಅತಿಥಿಯ ಕುರ್ಚಿಯಲ್ಲಿ ಅದೇ ಕಲ್ಲಿನ ಸಾಹುಕಾರರು. ಮೊದಲ ಸಾಲಿನಲ್ಲಿ ವೀರಣ್ಣ, ಅವನ ಹಿಂದೆ ಲ್ಯಾಬಿನ ಹಳೆಯ ಐದೂ ಜನ. ಅವಳು ಯಾರ ಮುಂದೆ ಹೇಳು ಎಂದಿದ್ದಳೋ ಅವರೆಲ್ಲ ಒಂದೇ ಕೋಣೆಯಲ್ಲಿ ಸಾಲಾಗಿ ಕೂತಿದ್ದರು. ತಯಾರಿ ಮಾಡಿಕೊಂಡು ಹೋಗಿದ್ದ ಚೀಟಿ ಜೇಬಿನಲ್ಲೇ ಉಳಿಯಿತು.

ಮೈಕಿನ ಮುಂದೆ ನಿಂತು, “ಸಾಹುಕಾರ್ರೆ, ನಿಮ್ಮ ಕಲ್ಲಿನ ಪುಸ್ತಕದ ಬಣ್ಣ ಕೆಡಿಸಿದವ ನಾನು. ನಾರಾಯಣಖೇಡದ ಮಹಾನಂದಾ ಅದನ್ನ ಸರಿಯಾಗಿ ಮಾಡಿ ಕೊಟ್ಟಿದ್ಲು. ಅಕಿ ಹೋದ ಮ್ಯಾಲ ನಾ ಕುಂತು ನೀಲಿ ಏರಿಸಿದೆ. ನನ್ನ ಕಣ್ಣಿಗೆ ಪೊರೆ ಬಂದಿತ್ತು. ಅಕಿ ನಿಮ್ಮ ಮುಂದೇ ಕೇಳಿದ್ಲು, ನಾ ಬಾಯಿ ಬಿಡಲಿಲ್ಲ. ಈ ಮೂರೂ ಊರಾಗ ಅಕಿಗಿಂತ ಛಲೋ ಬಣ್ಣ ತಿದ್ದೋರು ಯಾರೂ ಇಲ್ಲ” ಎಂದೆ. ಮತ್ತೇನೂ ಹೊಳೆಯಲಿಲ್ಲ. ಶಾಲು ತೆಗೆದು ಕುರ್ಚಿಯ ಮೇಲೆ ಇಟ್ಟು ಕೆಳಗಿಳಿದೆ. ಚಪ್ಪಾಳೆ ಹೊಡೆಯಬೇಕೋ ಬೇಡವೋ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿದರು. ಸಾಹುಕಾರರು ನೀರಿನ ಬಾಟಲಿಯ ಮುಚ್ಚಳ ತಿರುವುತ್ತಾ ಕೂತರು.

ಹೊರಗೆ ವೀರಣ್ಣ ಹಿಂದೆಯೇ ಬಂದ. “ಮಾಸ್ಟರ್, ಇದೆಲ್ಲಾ ಎದಕ್ ಬೇಕಿತ್ತು? ಅವತ್ತು ಸಂಜೀಕ ನೀವು ಕುಂತು ತಿದ್ದಿದ್ದು ನಾ ಬಾಗಿಲದಾಗಿಂದ ನೋಡೀನಿ” ಎಂದ.

ನಾನು ಅವನ ಕಡೆ ತಿರುಗಿ ನಿಂತೆ. “ನೋಡಿಯೂ ಅಕಿನ್ನ ಕಳಿಸಿದಿ?”

“ನಿಮ್ಮನ್ನ ತೆಗೆದ್ರ ಇಡೀ ಜಹೀರಾಬಾದ್ ಬಂದು ಕೇಳ್ತಿತ್ತು. ಅಕಿನ್ನ ತೆಗೆದ್ರ ಯಾರು ಕೇಳ್ತಾರ?” ಎಂದು, ಅದರಲ್ಲೇನೂ ವಿಶೇಷವಿಲ್ಲ ಎಂಬಂತೆ ಹೇಳಿದ.  ಅವಳ ಪರವಾಗಿ ಕೇಳದೆ ಕೂತವರಲ್ಲಿ ನಾನೂ ಒಬ್ಬನಾಗಿದ್ದೆ.

ತಾಂಡೂರಿನ ಸ್ಟೇಷನ್ ಹತ್ತಿರ ಒಂದು ಕಟ್ಟೆಯ ಮೇಲೆ ಕೂತು ಮಹಾನಂದಾಗೆ ಫೋನ್ ಮಾಡಿದೆ. ಅವಳಿಗೆ ಆಗಲೇ ಸುದ್ದಿ ಮುಟ್ಟಿತ್ತು. ಸಭೆಯಲ್ಲಿದ್ದ ಒಬ್ಬ ಸ್ಟುಡಿಯೋದವನು ಅಲ್ಲಿಂದಲೇ ಫೋನ್ ಮಾಡಿ, ಒಂದು ಮದುವೆಯ ಕೆಲಸ ಮಾಡಿಕೊಡುತ್ತೀಯಾ ಎಂದು ಕೇಳಿದ್ದನಂತೆ. “ಎಲ್ಲಾರೂ ಇದ್ರೇನು?” ಎಂದು ಕೇಳಿದಳು. ಎಲ್ಲರೂ ಇದ್ದರು ಎಂದೆ. ಸಾಹುಕಾರರೂ ಇದ್ದರೇ ಎಂದಳು. ಅವರೂ ಇದ್ದರು ಎಂದೆ. ಆ ಕಡೆ ಕುರ್ಚಿ ಎಳೆದ ಸದ್ದಾಯಿತು. 

“ಮಾಸ್ಟರ್ರೆ, ಜರಾ ತಡೀರಿ” ಎಂದಳು. “ಅತ್ತಿ ಬಾಜೂಕ್ಕ ಬಂದು ಕುಂತಾರ. ಸ್ಪೀಕರ್ ಹಚ್ಚೀನಿ. ಇನ್ನೊಮ್ಮೆ ಹೇಳ್ರಿ.”

ನಾನು ಎದ್ದು ನಿಂತು, ಮೊದಲಿನಿಂದ ಹೇಳಿದೆ.